ಮನೆಯ ಹವಳದ ಅಕ್ವೇರಿಯಂಗೆ ಎಲ್‌ಇಡಿ ದೀಪದ ಆಯ್ಕೆ: ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಉಡುಪಿ ಜಿಲ್ಲೆಯ ಉತ್ತರ ಭಾಗದ ಮೂರು ಕರಾವಳಿ ತಾಲ್ಲೂಕುಗಳಾದ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರಗಳಲ್ಲಿ ಮನೆಯೊಳಗೆ ಉಪ್ಪುನೀರಿನ ಅಕ್ವೇರಿಯಂ ಇರಿಸಿ ಅದರಲ್ಲಿ ಹವಳದ ಜಾತಿಯ ಜೀವಿಗಳನ್ನು ಸಾಕಲು ಬಯಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹ ಅಕ್ವೇರಿಯಂನ ವೆಚ್ಚದಲ್ಲಿ ದೀಪದ ಪಾಲು ದೊಡ್ಡದು. ಆದುದರಿಂದ ಹೆಚ್ಚಿನವರು ಮೊದಲು ದೀಪವನ್ನು ಕೊಂಡು, ಅನಂತರ ಆ ದೀಪಕ್ಕೆ ತಕ್ಕ ಜೀವಿಯನ್ನು ಹುಡುಕುವುದುಂಟು. ಈ ಕ್ರಮವು ತಪ್ಪು.

ಮಾರುಕಟ್ಟೆಯಲ್ಲಿ ದೊರೆಯುವ ಅತ್ಯಂತ ಪ್ರಬಲವಾದ ದೀಪಗಳು ಕಲ್ಲುಹವಳಗಳಿಗಾಗಿ ತಯಾರಾದವು. ಕಲ್ಲುಹವಳಗಳಾದರೋ ಭಾರತದ ಕಾನೂನಿನಂತೆ ಸಂರಕ್ಷಿತ ಜೀವಿಗಳಾಗಿದ್ದು, ಅವುಗಳನ್ನು ಸಾಮಾನ್ಯ ನಾಗರಿಕರು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಾನೂನಿನ ಮಿತಿಯೊಳಗೆ ಸಾಕಬಹುದಾದ ಜೀವಿಗಳಿಗೆ ಮಧ್ಯಮ ಪ್ರಮಾಣದ ಬೆಳಕು ಸಾಕಾಗುತ್ತದೆ. ಆದ್ದರಿಂದ ಮೊದಲು ಕಾನೂನು, ಎರಡನೆಯದಾಗಿ ಜೀವಿ, ಮೂರನೆಯದಾಗಿ ಮನೆಯ ವಿದ್ಯುತ್ ವ್ಯವಸ್ಥೆ, ಕೊನೆಯಲ್ಲಿ ದೀಪ ಎಂಬ ಅನುಕ್ರಮವನ್ನು ಪಾಲಿಸಿದಲ್ಲಿ ಹಣವೂ ಉಳಿಯುತ್ತದೆ, ತೊಂದರೆಯೂ ತಪ್ಪುತ್ತದೆ.

2. ಹವಳಕ್ಕೆ ಬೆಳಕು ಏಕೆ ಬೇಕು

ಹವಳವು ಸಸ್ಯವಲ್ಲ, ಕಲ್ಲೂ ಅಲ್ಲ. ಅದು ಪಾಲಿಪ್ ಎಂಬ ಮೃದುವಾದ ಸಣ್ಣ ಪ್ರಾಣಿಗಳ ಸಮೂಹ. ಉಷ್ಣವಲಯದ ಆಳವಿಲ್ಲದ ನೀರಿನಲ್ಲಿ ಬೆಳೆಯುವ ಬಹುಪಾಲು ಹವಳಗಳ ಅಂಗಾಂಶದೊಳಗೆ ಬರಿಗಣ್ಣಿಗೆ ಕಾಣದ ಏಕಕೋಶೀಯ ಪಾಚಿಗಳು ವಾಸಿಸುತ್ತವೆ. ಇವುಗಳಿಗೆ ಜೂಕ್ಸಾಂಥೆಲೆ ಎಂದು ಹೆಸರು. ಈ ಪಾಚಿಗಳು ಬೆಳಕಿನ ಸಹಾಯದಿಂದ ಆಹಾರವನ್ನು ತಯಾರಿಸಿ, ಅದರ ಹೆಚ್ಚಿನ ಭಾಗವನ್ನು ತಮಗೆ ಆಶ್ರಯ ನೀಡಿದ ಪ್ರಾಣಿಗೆ ಒದಗಿಸುತ್ತವೆ. ಪ್ರಾಣಿಯು ಅವುಗಳಿಗೆ ರಕ್ಷಣೆಯನ್ನೂ ಪೋಷಕಾಂಶವನ್ನೂ ನೀಡುತ್ತದೆ. ಆದುದರಿಂದ ಹವಳದ ತೊಟ್ಟಿಯಲ್ಲಿ ದೀಪವು ಅಲಂಕಾರದ ವಸ್ತುವಲ್ಲ. ಅದು ಆಹಾರದ ಮೂಲ. ಮೀನುಗಳಷ್ಟೇ ಇರುವ ತೊಟ್ಟಿಗೂ ಹವಳದ ತೊಟ್ಟಿಗೂ ಇರುವ ಮುಖ್ಯ ವ್ಯತ್ಯಾಸ ಇದೇ ಆಗಿದೆ.

ಬೆಳಕು ಕಡಿಮೆಯಾದಲ್ಲಿ ಪ್ರಾಣಿಯು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಸೊರಗುತ್ತದೆ. ಬೆಳಕು ಹಠಾತ್ತಾಗಿ ಹೆಚ್ಚಾದಲ್ಲಿ ಪಾಚಿಗಳ ಒಳಗೆ ಹಾನಿಕಾರಕ ಆಮ್ಲಜನಕ ಕಣಗಳು ಉಂಟಾಗಿ, ಪ್ರಾಣಿಯು ಪಾಚಿಗಳನ್ನೇ ಹೊರದೂಡುತ್ತದೆ. ಆಗ ಹವಳವು ಬಿಳಿಚಿಕೊಳ್ಳುತ್ತದೆ. ಸಮುದ್ರದಲ್ಲಿ ನೀರಿನ ಉಷ್ಣತೆಯು ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ 1 ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಉಳಿದರೂ ಇದೇ ಸ್ಥಿತಿ ಉಂಟಾಗುತ್ತದೆ. ಜಾಗತಿಕ ಮಟ್ಟದ ನಾಲ್ಕನೆಯ ಹವಳ ಬಿಳಿಚುವಿಕೆಯನ್ನು 2024ರ ಏಪ್ರಿಲ್ ತಿಂಗಳಿನಲ್ಲಿ ವಿಜ್ಞಾನಿಗಳು ದೃಢಪಡಿಸಿದರು. ಮನೆಯ ತೊಟ್ಟಿಯಲ್ಲಿ ಶಾಖ ಮತ್ತು ಅತಿ ಬೆಳಕು ಎರಡೂ ಕೂಡಿದಾಗ ಹಾನಿಯು ಇನ್ನೂ ಬೇಗ ಆಗುತ್ತದೆ.

ಬೆಳಕಿನ ಪ್ರಾಮುಖ್ಯವನ್ನು ಈ ತಾಲ್ಲೂಕುಗಳ ಕಡಲೇ ತೋರಿಸಿಕೊಡುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ನದಿಗಳು ಗಂಗೊಳ್ಳಿಯ ಬಳಿ ಪಂಚಗಂಗಾವಳಿಯಾಗಿ ಕಡಲನ್ನು ಸೇರುತ್ತವೆ. ಸೀತಾ ಮತ್ತು ಸ್ವರ್ಣಾ ನದಿಗಳು ದಕ್ಷಿಣದ ಕೋಡಿ ಬೆಂಗ್ರೆಯ ಬಳಿ ಸಮುದ್ರಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ಈ ನದಿಗಳು ತರುವ ಸಿಹಿನೀರು ಮತ್ತು ಕೆಸರಿನಿಂದ ತೀರದ ನೀರಿನ ಉಪ್ಪಿನಂಶ ತಗ್ಗುತ್ತದೆ, ಬೆಳಕು ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಮರವಂತೆ, ತ್ರಾಸಿ, ಕೋಡಿಗಳ ತೀರದಲ್ಲಿ ಹವಳದ ದಿಬ್ಬಗಳು ಬೆಳೆದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ, ನೀರು ತಿಳಿಯಾಗಿರುವ ಕಾರಣ, ಹವಳಗಳು ಕಂಡುಬರುತ್ತವೆ. ದೇಶದ ಪ್ರಮುಖ ಹವಳದ ದಿಬ್ಬಗಳು ಇರುವುದು ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ಮನ್ನಾರ್ ಕೊಲ್ಲಿ ಹಾಗೂ ಕಚ್ ಕೊಲ್ಲಿಯಲ್ಲಿ.

3. ಯಾವ ಜೀವಿಯನ್ನು ಸಾಕಬಹುದು: ಕಾನೂನಿನ ಸ್ಥಿತಿ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪರಿಚ್ಛೇದ-1ಕ್ಕೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. 2022ರ ತಿದ್ದುಪಡಿಯ ನಂತರವೂ ಈ ರಕ್ಷಣೆ ಮುಂದುವರಿದಿದೆ. ಅದರಂತೆ ಈ ಕೆಳಕಂಡ ಗುಂಪುಗಳು ಸಂರಕ್ಷಿತವಾಗಿವೆ:

(ಅ) ದಿಬ್ಬಗಳನ್ನು ಕಟ್ಟುವ ಎಲ್ಲ ಕಲ್ಲುಹವಳಗಳು
(ಆ) ಕಪ್ಪುಹವಳಗಳು
(ಇ) ಬೆಂಕಿಹವಳಗಳು
(ಈ) ಕೊಳಲುಹವಳ, ಅಂದರೆ ಕೆಂಪು ಕೊಳವೆಗಳ ಗೊಂಚಲಿನಂತೆ ಕಾಣುವ ಜಾತಿ
(ಉ) ಬೀಸಣಿಗೆಯ ಆಕಾರದ ಸಮುದ್ರ ಬೀಸಣಿಗೆಗಳು

ಇವುಗಳನ್ನು ಅನುಮತಿಯಿಲ್ಲದೆ ಸಂಗ್ರಹಿಸುವುದು, ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು ಮತ್ತು ಸಾಗಿಸುವುದು ಅಪರಾಧವಾಗಿರುತ್ತದೆ. ಪರಿಚ್ಛೇದ-1ರ ಜೀವಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಕಾರಾಗೃಹ ವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಅಧಿನಿಯಮದ 57ನೇ ಪ್ರಕರಣದಂತೆ, ಇಂತಹ ಜೀವಿಯು ವ್ಯಕ್ತಿಯ ವಶದಲ್ಲಿ ಇದ್ದುದು ರುಜುವಾದಲ್ಲಿ, ಅದನ್ನು ನ್ಯಾಯಬದ್ಧವಾಗಿ ಹೊಂದಿರುವುದಾಗಿ ಸಾಬೀತುಪಡಿಸುವ ಹೊಣೆ ಆ ವ್ಯಕ್ತಿಯ ಮೇಲೆಯೇ ಇರುತ್ತದೆ. ಅಂಗಡಿಯವರು ಮಾರಿದರು ಎಂಬುದು ಸಮರ್ಥನೆಯಾಗಲಾರದು.

ಮೇಲ್ಕಂಡ ಪಟ್ಟಿಗೆ ಸೇರದ, ಮನೆಯ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಾಕಲಾಗುವ ಜೀವಿಗಳು ಮೂರು ಬಗೆಯವು: ತೊಗಲಿನಂತೆ ಕಾಣುವ ಮೃದುಹವಳಗಳು, ಗುಂಡಿಯ ಆಕಾರದ ಜೊಯಾಂಥಿಡ್‌ಗಳು ಮತ್ತು ತಟ್ಟೆಯಂತೆ ಹರಡಿಕೊಳ್ಳುವ ಅಸ್ಥಿರಹಿತ ಅಣಬೆ ಪಾಲಿಪ್‌ಗಳು. ಇವುಗಳಿಗೂ ಮಾರಾಟದ ರಶೀದಿ ಮತ್ತು ಜೀವಿಯ ಮೂಲದ ವಿವರವನ್ನು, ವಿದೇಶದಿಂದ ತರಿಸಿದ್ದಾದಲ್ಲಿ ಆಮದು ದಾಖಲೆಯ ಪ್ರತಿಯನ್ನು ಪಡೆದು ಇಟ್ಟುಕೊಳ್ಳತಕ್ಕದ್ದು. ಪರಿಚ್ಛೇದ-4ಕ್ಕೆ ಸೇರಿದ ವಿದೇಶಿ ಜೀವಿಗಳನ್ನು ಹೊಂದಿರುವವರು 2024ರ ನೋಂದಣಿ ನಿಯಮಗಳಂತೆ ಪರಿವೇಶ್ ಜಾಲತಾಣದ ಮೂಲಕ ನೋಂದಣಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ.

ವ್ಯಾಪಾರದ ಹೆಸರುಗಳನ್ನು ನಂಬಿ ಮೋಸ ಹೋಗಬಾರದು. ಉದಾಹರಣೆಗೆ, ಅಣಬೆ ಹವಳ ಎಂಬ ಒಂದೇ ಹೆಸರಿನಲ್ಲಿ ಅಸ್ಥಿಯಿಲ್ಲದ ಪಾಲಿಪ್ ಕೂಡ ಮಾರಾಟವಾಗುತ್ತದೆ, ಫಂಜಿಯಾ ಎಂಬ ಸಂರಕ್ಷಿತ ಕಲ್ಲುಹವಳವೂ ಮಾರಾಟವಾಗುತ್ತದೆ. ಬೆರಳಿಗೆ ಗಟ್ಟಿಯಾದ ಸುಣ್ಣದ ಅಸ್ಥಿ ತಗುಲಿದಲ್ಲಿ ಕೊಳ್ಳುವುದನ್ನು ನಿಲ್ಲಿಸಿ, ಅರಣ್ಯ ಇಲಾಖೆಯ ಸಮೀಪದ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಆಭರಣಗಳಲ್ಲಿ ಧರಿಸುವ ಕೆಂಪು ಹವಳವು ಬೇರೆಯೇ ಜಾತಿಯದು. ಮೆಡಿಟರೇನಿಯನ್ ಸಮುದ್ರದ ಮಂದ ಬೆಳಕಿನ ಬಂಡೆಗಳಲ್ಲಿ ಬೆಳೆಯುವ ಆ ಜಾತಿಯಲ್ಲಿ ಪಾಚಿಗಳಿರುವುದಿಲ್ಲ. ಅದಕ್ಕೂ ಈ ಮಾಹಿತಿಗೂ ಸಂಬಂಧವಿಲ್ಲ.

4. ಬೆಳಕಿನ ಪ್ರಮಾಣ: ವ್ಯಾಟ್ ಅಲ್ಲ, ಪಾರ್

ದೀಪದ ಪೆಟ್ಟಿಗೆಯ ಮೇಲೆ ವ್ಯಾಟ್ ಮತ್ತು ಲ್ಯೂಮೆನ್ ಎಂಬ ಎರಡು ಅಂಕಿಗಳು ಇರುತ್ತವೆ. ವ್ಯಾಟ್ ಎಂಬುದು ದೀಪವು ಬಳಸುವ ವಿದ್ಯುತ್ತಿನ ಅಳತೆ. ಲ್ಯೂಮೆನ್ ಎಂಬುದು ಮನುಷ್ಯನ ಕಣ್ಣಿಗೆ ಕಾಣುವ ಪ್ರಕಾಶದ ಅಳತೆ. ಮನುಷ್ಯನ ಕಣ್ಣು ಹಸಿರು ಬೆಳಕಿಗೆ ಹೆಚ್ಚು, ನೀಲಿಗೆ ಕಡಿಮೆ ಸ್ಪಂದಿಸುತ್ತದೆ. ಹವಳದ ಪಾಚಿಗೆ ಬೇಕಾದುದು ಮುಖ್ಯವಾಗಿ ನೀಲಿ ಬೆಳಕು. ಆದ್ದರಿಂದ ಈ ಎರಡೂ ಅಂಕಿಗಳಿಂದ ಹವಳಕ್ಕೆ ದೊರೆಯುವ ಬೆಳಕು ತಿಳಿಯುವುದಿಲ್ಲ.

ದ್ಯುತಿಸಂಶ್ಲೇಷಣೆಗೆ ಉಪಯುಕ್ತವಾದ, 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಅಳತೆಗೆ ಪಾರ್ ಎಂದು ಹೆಸರು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬೀಳುವ ಬೆಳಕಿನ ಕಣಗಳನ್ನು ಮೈಕ್ರೊಮೋಲ್ ಲೆಕ್ಕದಲ್ಲಿ ಎಣಿಸಲಾಗುತ್ತದೆ. ಮೋಡವಿಲ್ಲದ ಮಧ್ಯಾಹ್ನದ ಬಿಸಿಲಿನಲ್ಲಿ ಪಾರ್ ಸುಮಾರು 2,000 ಇರುತ್ತದೆ. ಸಾಕಣೆಯ ರೂಢಿಯಲ್ಲಿ ಅನುಸರಿಸಲಾಗುವ ಪ್ರಮಾಣಗಳು ಈ ಕೆಳಕಂಡಂತಿವೆ:

(ಅ) ಅಸ್ಥಿರಹಿತ ಅಣಬೆ ಪಾಲಿಪ್‌ಗಳು: 50ರಿಂದ 100
(ಆ) ಮೃದುಹವಳಗಳು ಮತ್ತು ಜೊಯಾಂಥಿಡ್‌ಗಳು: 75ರಿಂದ 150
(ಇ) ಸಣ್ಣ ಪಾಲಿಪ್‌ಗಳ ಕಲ್ಲುಹವಳಗಳು: 200ರಿಂದ 350

ಮೂರನೆಯ ಗುಂಪು ಸಂರಕ್ಷಿತವಾಗಿರುವುದರಿಂದ ಮನೆಯ ತೊಟ್ಟಿಯಲ್ಲಿ 150ಕ್ಕಿಂತ ಹೆಚ್ಚಿನ ಪಾರ್ ಒದಗಿಸುವ ಅಗತ್ಯವೇ ಉಂಟಾಗುವುದಿಲ್ಲ. ಹೆಚ್ಚಿನ ಬೆಳಕಿಗೆ ತೆತ್ತ ಹಣದಿಂದ ಬೆಳೆಯುವುದು ಗಾಜಿನ ಮೇಲಿನ ಪಾಚಿ ಮಾತ್ರ.

ಪಾರ್ ಮಾಪಕವು ದುಬಾರಿ ಉಪಕರಣ. ಅದನ್ನು ಕೊಳ್ಳಬೇಕಾಗಿಲ್ಲ. ದೀಪದ ತಯಾರಕರು ಬೇರೆ ಬೇರೆ ಎತ್ತರ ಮತ್ತು ಆಳಗಳಲ್ಲಿ ಅಳೆದ ಪಾರ್ ನಕ್ಷೆಯನ್ನು ಕೇಳಿ ಪಡೆಯುವುದು ಸೂಕ್ತ. ಇಂತಹ ನಕ್ಷೆ ಇಲ್ಲದ ದೀಪವನ್ನು ಕೊಳ್ಳದಿರುವುದು ಲೇಸು. ಮೊಬೈಲ್ ದೂರವಾಣಿಯ ಬೆಳಕು ಅಳೆಯುವ ತಂತ್ರಾಂಶಗಳು ಕಣ್ಣಿನ ಸ್ಪಂದನೆಯನ್ನು ಅನುಸರಿಸುವುದರಿಂದ ನೀಲಿ ಬೆಳಕನ್ನು ಬಹಳ ಕಡಿಮೆ ತೋರಿಸುತ್ತವೆ. ತೊಟ್ಟಿಯ ಒಂದು ಮೂಲೆಯನ್ನು ಇನ್ನೊಂದರೊಡನೆ ಹೋಲಿಸಲು ಮಾತ್ರ ಅವು ಉಪಯುಕ್ತ.

5. ಬೆಳಕಿನ ಬಣ್ಣ

ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರ್‌ಗಳಲ್ಲಿಯೇ ಹೀರಿಕೊಳ್ಳುತ್ತದೆ. ತಿಳಿನೀರಿನಲ್ಲಿ ಆಳಕ್ಕೆ ಇಳಿಯುವುದು ನೀಲಿ ಬೆಳಕು. ಹವಳದ ಪಾಚಿಗಳು ಆ ಬೆಳಕಿಗೆ ಹೊಂದಿಕೊಂಡಿವೆ. ಆದುದರಿಂದ ದೀಪದಲ್ಲಿ 450 ನ್ಯಾನೊಮೀಟರ್ ಸುಮಾರಿನ ಗಾಢ ನೀಲಿ ಎಲ್‌ಇಡಿಗಳು ಪ್ರಧಾನವಾಗಿದ್ದು, 470 ನ್ಯಾನೊಮೀಟರ್‌ನ ನೀಲಿ, 400ರಿಂದ 420 ನ್ಯಾನೊಮೀಟರ್‌ನ ನೇರಳೆ ಮತ್ತು ಸ್ವಲ್ಪ ಪ್ರಮಾಣದ ಬಿಳಿ ಎಲ್‌ಇಡಿಗಳು ಇರತಕ್ಕದ್ದು. ಕೆಂಪು ಮತ್ತು ಹಸಿರು ಎಲ್‌ಇಡಿಗಳು ನೋಡುವವರ ಸಂತೋಷಕ್ಕೆ ಮಾತ್ರ. ಕೆಂಪು ಹೆಚ್ಚಾದಲ್ಲಿ ಬೇಡವಾದ ಪಾಚಿ ಬೆಳೆಯುವ ಸಂಭವವಿದೆ.

ಪೆಟ್ಟಿಗೆಯ ಮೇಲೆ ಬಣ್ಣವನ್ನು ಕೆಲ್ವಿನ್ ಅಂಕಿಯಲ್ಲಿ ಸೂಚಿಸಿರುತ್ತಾರೆ. ಮನೆಯ ಬಿಳಿ ಬಲ್ಬ್ 6,500 ಕೆಲ್ವಿನ್. ಹವಳದ ದೀಪಗಳು ಸಾಮಾನ್ಯವಾಗಿ 14,000ದಿಂದ 20,000 ಕೆಲ್ವಿನ್. ನೀಲಿ ಮತ್ತು ಬಿಳಿ ಬೆಳಕುಗಳನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡುವ ಸೌಲಭ್ಯವಿರುವ ದೀಪವು ಮೇಲು.

ಹಿಂದೆ ಈ ಕೆಲಸಕ್ಕೆ 150 ಅಥವಾ 250 ವ್ಯಾಟ್‌ನ ಮೆಟಲ್ ಹ್ಯಾಲೈಡ್ ದೀಪಗಳು ಮತ್ತು ಟಿ-5 ಟ್ಯೂಬ್‌ಗಳು ಬಳಕೆಯಲ್ಲಿದ್ದವು. ಮೊದಲನೆಯದು ನೀರನ್ನು ಬಿಸಿ ಮಾಡುತ್ತಿತ್ತು. ಎರಡನೆಯದರ ಟ್ಯೂಬ್‌ಗಳನ್ನು 9ರಿಂದ 12 ತಿಂಗಳಿಗೊಮ್ಮೆ ಬದಲಾಯಿಸಬೇಕಿತ್ತು. ಪ್ರಖರವಾದ ನೀಲಿ ಎಲ್‌ಇಡಿ 1993ರಲ್ಲಿ ಜಪಾನಿನಲ್ಲಿ ಸಿದ್ಧವಾದ ಮೇಲೆ ಈ ಪರಿಸ್ಥಿತಿ ಬದಲಾಯಿತು. ಈ ಸಂಶೋಧನೆಗಾಗಿ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶೂಜಿ ನಕಮುರಾ ಇವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಬಿಳಿ ಬೆಳಕಿನ ಎಲ್‌ಇಡಿ ಬಲ್ಬ್ ಕೂಡ ಈ ಸಂಶೋಧನೆಯ ಫಲವೇ ಆಗಿದೆ.

6. ದೀಪದ ಗಾತ್ರ ಮತ್ತು ಎತ್ತರ

ಉದಾಹರಣೆಗೆ, 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಮತ್ತು 45 ಸೆಂ.ಮೀ. ಎತ್ತರದ ತೊಟ್ಟಿಯು ಸುಮಾರು 120 ಲೀಟರ್ ನೀರು ಹಿಡಿಯುತ್ತದೆ. ಮೃದುಹವಳಗಳಿಗೆ ಈ ಅಳತೆಯ ತೊಟ್ಟಿಯ ಮೇಲೆ 30ರಿಂದ 50 ವ್ಯಾಟ್‌ನ ಉತ್ತಮ ಗುಣಮಟ್ಟದ ಒಂದು ಎಲ್‌ಇಡಿ ದೀಪ ಸಾಕಾಗುತ್ತದೆ. ತೊಟ್ಟಿಯು 90 ಸೆಂ.ಮೀ. ಅಥವಾ ಅದಕ್ಕಿಂತ ಉದ್ದವಿದ್ದಲ್ಲಿ, ಒಂದು ಪ್ರಬಲ ದೀಪಕ್ಕಿಂತ ಎರಡು ಸಾಧಾರಣ ದೀಪಗಳನ್ನು ಅಳವಡಿಸುವುದು ಸೂಕ್ತ. ಬೆಳಕು ಸಮವಾಗಿ ಹರಡುತ್ತದೆ ಮತ್ತು ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ದೀಪವನ್ನು ನೀರಿನ ಮಟ್ಟದಿಂದ 20ರಿಂದ 25 ಸೆಂ.ಮೀ. ಎತ್ತರದಲ್ಲಿ ಇರಿಸುವುದು ವಾಡಿಕೆ. ಎತ್ತರ ಹೆಚ್ಚಿಸಿದಂತೆ ಬೆಳಕು ಅಗಲವಾಗಿ ಹರಡಿ, ತೀವ್ರತೆ ಕಡಿಮೆಯಾಗುತ್ತದೆ. ಎಲ್‌ಇಡಿಗಳ ಮುಂದಿನ ಮಸೂರವು 60 ಡಿಗ್ರಿ ಕೋನದ್ದಾಗಿದ್ದರೆ ಬೆಳಕು ಕಿರಿದಾಗಿ ಆಳಕ್ಕೆ ಇಳಿಯುತ್ತದೆ. 120 ಡಿಗ್ರಿಯದಾಗಿದ್ದರೆ ಅಗಲವಾಗಿ ಹರಡುತ್ತದೆ. ಮನೆಯ ಆಳವಿಲ್ಲದ ತೊಟ್ಟಿಗಳಿಗೆ ಅಗಲವಾದ ಕೋನವೇ ಹೊಂದುತ್ತದೆ. ನೀರು ಹಳದಿಯಾದಾಗ ನೀಲಿ ಬೆಳಕು ಮೊದಲು ನಷ್ಟವಾಗುತ್ತದೆ. ಆದ್ದರಿಂದ ಸಕ್ರಿಯ ಇದ್ದಿಲನ್ನು ಬಳಸಿ ನೀರನ್ನು ತಿಳಿಯಾಗಿಟ್ಟುಕೊಳ್ಳುವುದೂ ಬೆಳಕಿನ ವ್ಯವಸ್ಥೆಯ ಭಾಗವೇ ಆಗಿದೆ.

7. ವಿದ್ಯುತ್ ಬಳಕೆ ಮತ್ತು ಗೃಹಜ್ಯೋತಿ ಫಲಾನುಭವಿಗಳ ಗಮನಕ್ಕೆ

ಮೇಲೆ ಹೇಳಿದ 120 ಲೀಟರ್ ತೊಟ್ಟಿಯ ಮಾಸಿಕ ವಿದ್ಯುತ್ ಬಳಕೆಯ ಒಂದು ಲೆಕ್ಕವನ್ನು 30 ದಿನಗಳಿಗೆ ಕೆಳಗೆ ನೀಡಲಾಗಿದೆ:

(ಅ) ದೀಪ, 45 ವ್ಯಾಟ್, ದಿನಕ್ಕೆ 9 ಗಂಟೆ: ಸುಮಾರು 12 ಯೂನಿಟ್
(ಆ) ಪಂಪುಗಳು, ಒಟ್ಟು 36 ವ್ಯಾಟ್, ದಿನಕ್ಕೆ 24 ಗಂಟೆ: ಸುಮಾರು 26 ಯೂನಿಟ್
(ಇ) ನೀರು ತಂಪುಗೊಳಿಸುವ ಚಿಲ್ಲರ್, 250 ವ್ಯಾಟ್, ದಿನಕ್ಕೆ 8 ಗಂಟೆ: 60 ಯೂನಿಟ್
ಒಟ್ಟು: ಸುಮಾರು 98 ಯೂನಿಟ್

ಇದರಿಂದ ತಿಳಿದುಬರುವುದೇನೆಂದರೆ, ದೀಪದ ಸ್ವಂತ ಬಳಕೆಯು ಕಡಿಮೆ. ದೀಪದ ಶಾಖದಿಂದಾಗಿ ಚಿಲ್ಲರ್ ಹೆಚ್ಚು ಹೊತ್ತು ಓಡಿದಲ್ಲಿ ಮಾತ್ರ ವೆಚ್ಚ ಏರುತ್ತದೆ. ಅಗತ್ಯಕ್ಕಿಂತ ದೊಡ್ಡ ದೀಪವನ್ನು ಕೊಳ್ಳಬಾರದು ಎಂಬುದಕ್ಕೆ ಇದು ಇನ್ನೊಂದು ಕಾರಣ.

ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, 2022-23ನೇ ಸಾಲಿನ ಸರಾಸರಿ ಮಾಸಿಕ ಬಳಕೆಗೆ ಶೇ. 10ರಷ್ಟನ್ನು ಸೇರಿಸಿ ಉಚಿತ ಯೂನಿಟ್‌ಗಳ ಅರ್ಹತೆಯನ್ನು ನಿಗದಿಪಡಿಸಲಾಯಿತು. ಅರ್ಹತೆಯನ್ನು ಮೀರಿ, 200 ಯೂನಿಟ್‌ಗಳೊಳಗೆ ಬಳಸಿದಲ್ಲಿ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಶುಲ್ಕ ಪಾವತಿಸಬೇಕು. 200 ಯೂನಿಟ್ ಮೀರಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಉದಾಹರಣೆಗೆ, ಸರಾಸರಿ 120 ಯೂನಿಟ್ ಬಳಸುವ ಕುಟುಂಬದ ಅರ್ಹತೆ 132 ಯೂನಿಟ್. ಅಕ್ವೇರಿಯಂನ 98 ಯೂನಿಟ್ ಸೇರಿದರೆ ಬಳಕೆಯು 218 ಯೂನಿಟ್ ಆಗಿ, ಆ ತಿಂಗಳು ಪೂರ್ಣ ಬಿಲ್ ಬರುತ್ತದೆ. ಚಿಲ್ಲರ್ ಇಲ್ಲದೆ ನಡೆಸಲು ಸಾಧ್ಯವಾದಲ್ಲಿ ಬಳಕೆಯು 158 ಯೂನಿಟ್‌ಗೆ ಇಳಿದು, 26 ಯೂನಿಟ್‌ಗಳಿಗೆ ಮಾತ್ರ ಶುಲ್ಕ ಬೀಳುತ್ತದೆ. ತೊಟ್ಟಿಯನ್ನು ಕೊಳ್ಳುವ ಮೊದಲೇ ಈ ಲೆಕ್ಕವನ್ನು ಮಾಡಿಕೊಳ್ಳುವುದು ಒಳಿತು.

ಮನೆಯ ಒಟ್ಟು ಬಳಕೆಯು ಮಂಜೂರಾದ ವಿದ್ಯುತ್ ಭಾರವನ್ನು ಮೀರುವುದಾದಲ್ಲಿ, ಹೆಚ್ಚುವರಿ ಭಾರದ ಮಂಜೂರಾತಿಗಾಗಿ ಮೆಸ್ಕಾಂನ ಸಂಬಂಧಪಟ್ಟ ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸಬಹುದು. ವಿದ್ಯುತ್ ಸಂಬಂಧಿ ದೂರುಗಳಿಗೆ 1912 ಸಂಖ್ಯೆಗೆ ಕರೆ ಮಾಡಬಹುದು.

8. ಕರಾವಳಿಯ ಹವೆ ಮತ್ತು ಸುರಕ್ಷತೆ

ತೊಟ್ಟಿಯ ನೀರು 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರುವುದು ಉತ್ತಮ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ತೀರದ ಮನೆಗಳ ಒಳಗೆ ಇದಕ್ಕಿಂತ ಹೆಚ್ಚಿನ ಸೆಕೆ ಇರುತ್ತದೆ. ನೀರಿನ ಮೇಲೆ ಫ್ಯಾನ್ ಬೀಸಿದರೆ ನೀರು ಆವಿಯಾಗಿ ತಂಪಾಗುವುದು ಒಣಹವೆಯ ಊರುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅದರ ಪರಿಣಾಮ ಕಡಿಮೆ. ಆದ್ದರಿಂದ ಬೇಸಿಗೆಯಲ್ಲಿ ದೀಪವನ್ನು ನಡುಹಗಲಿನ ಬದಲು ಸಂಜೆಯಿಂದ ರಾತ್ರಿಯವರೆಗೆ ಉರಿಸುವುದು ಸುಲಭವಾದ ಉಪಾಯ. ದೀಪ ಹೊತ್ತುವ ಸಮಯ ಪ್ರತಿದಿನವೂ ಒಂದೇ ಆಗಿದ್ದರೆ ಸಾಕು, ಅದು ಹಗಲೇ ಆಗಬೇಕೆಂದಿಲ್ಲ.

ಉಪ್ಪುನೀರಿನ ತುಂತುರು ಒಣಗಿ ದೀಪದ ಮೇಲೆ, ತಂತಿಯ ಮೇಲೆ, ಪ್ಲಗ್‌ನ ಮೇಲೆ ಉಪ್ಪಿನ ಪದರವಾಗುತ್ತದೆ. ಉಪ್ಪು ತೇವವನ್ನು ಹೀರಿ ವಿದ್ಯುತ್ತನ್ನು ಹರಿಸುತ್ತದೆ. ಆದುದರಿಂದ ಈ ಕೆಳಕಂಡ ಎಚ್ಚರಿಕೆಗಳನ್ನು ಕಡ್ಡಾಯವಾಗಿ ಪಾಲಿಸುವಂತೆ ಕೋರಲಾಗಿದೆ:

(ಅ) ದೀಪವು ಐಪಿ-65 ಅಥವಾ ಅದಕ್ಕಿಂತ ಮೇಲಿನ ದರ್ಜೆಯದಾಗಿರುವುದು ಸೂಕ್ತ. ಇದು ಧೂಳು ಮತ್ತು ನೀರಿನ ಎರಚಲಿನಿಂದ ರಕ್ಷಣೆಯನ್ನು ಸೂಚಿಸುತ್ತದೆ. ಒಳಗೆ ಫ್ಯಾನ್ ಇರುವ ದೀಪಗಳಿಗೆ ಈ ದರ್ಜೆ ಸಾಮಾನ್ಯವಾಗಿ ಇರುವುದಿಲ್ಲ. ಅಂಥವುಗಳಿಗೆ ಪ್ರತ್ಯೇಕ ಪಾರದರ್ಶಕ ಹೊದಿಕೆ ಬೇಕು. ಫ್ಯಾನ್ ಇಲ್ಲದೆ ಅಲ್ಯೂಮಿನಿಯಂ ಹೊರಮೈಯಿಂದಲೇ ತಣಿಯುವ ದೀಪವು ಕರಾವಳಿಗೆ ಹೆಚ್ಚು ಬಾಳಿಕೆ ಬರುತ್ತದೆ.

(ಆ) ದೀಪದ ವಿದ್ಯುತ್ ಅಡಾಪ್ಟರ್ ಅಥವಾ ಡ್ರೈವರ್‌ನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವುದನ್ನು ಪರಿಶೀಲಿಸಬೇಕು. ಅಡಾಪ್ಟರನ್ನು ತೊಟ್ಟಿಯ ಕೆಳಗಿನ ತೇವದ ಕಪಾಟಿನಲ್ಲಿ ಇರಿಸಬಾರದು.

(ಇ) ಅಕ್ವೇರಿಯಂನ ಮಾರ್ಗಕ್ಕೆ 30 ಮಿಲಿ ಆಂಪಿಯರ್‌ನ ಸೋರಿಕೆ ನಿರೋಧಕ ಸ್ವಿಚ್ಚನ್ನು, ಅಂದರೆ ಆರ್‌ಸಿಸಿಬಿಯನ್ನು, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅಳವಡಿಸಿಕೊಳ್ಳಬೇಕು. ಭೂಸಂಪರ್ಕ ಸರಿಯಾಗಿರಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಭೂಸಂಪರ್ಕ ದುರ್ಬಲವಾಗುವುದರಿಂದ ಅದರ ಗುಂಡಿಗೆ ನೀರು ಹಾಕುತ್ತಿರಬೇಕು.

(ಈ) ತಂತಿಯು ಪ್ಲಗ್‌ನ ಮಟ್ಟಕ್ಕಿಂತ ಕೆಳಗೆ ಜೋತು, ಅನಂತರ ಮೇಲೇರುವಂತಿರಬೇಕು. ಆಗ ತಂತಿಯ ಮೇಲೆ ಹರಿದ ನೀರು ಪ್ಲಗ್ ತಲುಪದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

(ಉ) ದೀಪವು ನೀರಿಗೆ ಬೀಳದಂತೆ ಎರಡು ಕಡೆ ಭದ್ರಪಡಿಸಬೇಕು. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸುವುದಷ್ಟೇ ಅಲ್ಲದೆ ಪ್ಲಗ್ ತೆಗೆಯಬೇಕು.

(ಊ) ಮುಂಗಾರಿಗೆ ಮುಂಚಿನ ಹಾಗೂ ಅಕ್ಟೋಬರ್ ತಿಂಗಳಿನ ಗುಡುಗು ಸಿಡಿಲಿನ ಸಮಯದಲ್ಲಿ ದೀಪದ ಪ್ಲಗ್ ತೆಗೆದಿಡುವುದು ಕ್ಷೇಮ. ಒಂದು ದಿನದ ಕತ್ತಲೆಯಿಂದ ಹವಳಕ್ಕೆ ಹಾನಿಯಿಲ್ಲ.

(ಋ) ನೀಲಿ ಎಲ್‌ಇಡಿಗಳನ್ನು ನೇರವಾಗಿ ದಿಟ್ಟಿಸಿ ನೋಡಬಾರದು. ಮಕ್ಕಳ ಕಣ್ಣಿನ ಮಟ್ಟಕ್ಕೆ ದೀಪವು ತೆರೆದಿರಬಾರದು. ಜೊಯಾಂಥಿಡ್‌ಗಳಲ್ಲಿ ಕೆಲವು ಜಾತಿಗಳಿಗೆ ಪ್ರಬಲ ವಿಷವಿರುವುದರಿಂದ ಅವುಗಳನ್ನು ಕೈಗವಸಿಲ್ಲದೆ ಮುಟ್ಟಬಾರದು.

9. ಅಳವಡಿಸಿದ ನಂತರ

ಹೊಸ ದೀಪವನ್ನು ಮೊದಲ ದಿನವೇ ಪೂರ್ಣ ಸಾಮರ್ಥ್ಯದಲ್ಲಿ ಉರಿಸತಕ್ಕದ್ದಲ್ಲ. ಶೇ. 30ರಿಂದ 40ರ ಮಟ್ಟದಲ್ಲಿ ಆರಂಭಿಸಿ, 4ರಿಂದ 6 ವಾರಗಳಲ್ಲಿ ಹಂತ ಹಂತವಾಗಿ ಅಗತ್ಯವಾದ ಮಟ್ಟಕ್ಕೆ ಏರಿಸಬೇಕು. ಹೊಸ ಜೀವಿಯನ್ನು ತಂದಾಗ ಮೊದಲು ತೊಟ್ಟಿಯ ತಳದಲ್ಲಿ, ಮಂದ ಬೆಳಕಿನಲ್ಲಿ ಇರಿಸಿ, ಕೆಲವು ದಿನಗಳಿಗೊಮ್ಮೆ ಮೇಲಕ್ಕೆ ಸರಿಸಬೇಕು.

ದಿನಕ್ಕೆ 8ರಿಂದ 10 ಗಂಟೆಗಳ ಬೆಳಕು ಸಾಕು. ಜೀವಿಗಳಿಗೆ ಬೆಳಕಿನ ಪ್ರಮಾಣದಷ್ಟೇ ಅವಧಿಯೂ ಮುಖ್ಯ ಎಂಬುದು ಈ ಪ್ರದೇಶದ ಕೃಷಿಕರಿಗೆ ಹೊಸ ವಿಷಯವಲ್ಲ. ಹಗಲು ಚಿಕ್ಕದಾದಾಗ ಮೊಗ್ಗು ಬಿಡುವ ಗುಣದಿಂದಾಗಿಯೇ ಹೆಮ್ಮಾಡಿಯ ಸೇವಂತಿಗೆಯು ಮಕರ ಸಂಕ್ರಾಂತಿಯ ಹೊತ್ತಿಗೆ ಅರಳುತ್ತದೆ. ಆದ್ದರಿಂದ ದೀಪವನ್ನು ಕೈಯಿಂದ ಹಾಕಿ ಆರಿಸುವ ಬದಲು ಟೈಮರ್ ಅಳವಡಿಸತಕ್ಕದ್ದು.

ಪಾಲಿಪ್‌ಗಳು ಅರಳದೆ ಮುದುಡಿಕೊಂಡು ಬಣ್ಣ ಬಿಳಿಚಿದಲ್ಲಿ ಬೆಳಕು ಹೆಚ್ಚಾಗಿದೆ ಎಂದೂ, ಬಣ್ಣ ಕಂದಾಗಿ ದೇಹವು ಬೆಳಕಿನ ಕಡೆಗೆ ಉದ್ದವಾಗಿ ಚಾಚಿದಲ್ಲಿ ಬೆಳಕು ಕಡಿಮೆಯಾಗಿದೆ ಎಂದೂ ಸಾಮಾನ್ಯವಾಗಿ ಊಹಿಸಬಹುದು. ನೀರಿನ ಉಷ್ಣತೆ ಮತ್ತು ಉಪ್ಪಿನಂಶ ಸರಿಯಿರುವುದನ್ನು ಮೊದಲು ಪರೀಕ್ಷಿಸಿ, ಅನಂತರವೇ ದೀಪವನ್ನು ಬದಲಾಯಿಸಬೇಕು. ದೀಪದ ಮುಂಭಾಗವನ್ನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯ ಸಾಮಾನ್ಯ ಬಿಳಿ ಎಲ್‌ಇಡಿ ಬಲ್ಬ್ ಸಾಲದೇ?
ಉತ್ತರ: ಬಿಳಿ ಎಲ್‌ಇಡಿಯಲ್ಲಿಯೂ ನೀಲಿ ಬೆಳಕಿನ ಅಂಶವಿರುತ್ತದೆ. ಗಟ್ಟಿಮುಟ್ಟಾದ ಅಣಬೆ ಪಾಲಿಪ್‌ಗಳು ಅದರಲ್ಲಿಯೂ ಬದುಕಬಲ್ಲವು. ಆದರೆ ಬಣ್ಣ ಮಂಕಾಗಿ ಕಾಣುತ್ತದೆ ಮತ್ತು ಸಾಮಾನ್ಯ ಬಲ್ಬ್‌ಗೆ ನೀರಿನಿಂದ ರಕ್ಷಣೆ ಇರುವುದಿಲ್ಲ.

ಪ್ರಶ್ನೆ: ಕಿಟಕಿಯ ಬಿಸಿಲಿನಲ್ಲಿ ತೊಟ್ಟಿಯನ್ನು ಇಡಬಹುದೇ?
ಉತ್ತರ: ಇಡಬಾರದು. ಬೇಸಿಗೆಯಲ್ಲಿ ನೀರು ಬಿಸಿಯಾಗುತ್ತದೆ, ಪಾಚಿ ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಿಂದಾಗಿ ಬೆಳಕು ಅನಿಶ್ಚಿತ.

ಪ್ರಶ್ನೆ: ಮಳೆಗಾಲದಲ್ಲಿ ವಿದ್ಯುತ್ ದೀರ್ಘಕಾಲ ಹೋದಲ್ಲಿ ಇನ್ವರ್ಟರಿನಿಂದ ದೀಪವನ್ನು ಉರಿಸಬೇಕೇ?
ಉತ್ತರ: ಬೇಡ. ಬೆಳಕಿಲ್ಲದೆ ಹವಳದ ಜೀವಿಗಳು ಒಂದೆರಡು ದಿನ ಇರಬಲ್ಲವು. ನೀರಿನ ಚಲನೆ ನಿಂತು ಆಮ್ಲಜನಕ ಕಡಿಮೆಯಾದಲ್ಲಿ ಕೆಲವೇ ಗಂಟೆಗಳಲ್ಲಿ ಅಪಾಯ. ಇನ್ವರ್ಟರಿಗೆ ಪಂಪನ್ನು ಮಾತ್ರ ಜೋಡಿಸತಕ್ಕದ್ದು.

ಪ್ರಶ್ನೆ: ತೀರದಲ್ಲಿ ಬಿದ್ದ ಸತ್ತ ಹವಳದ ತುಂಡನ್ನು ತೊಟ್ಟಿಯ ಅಲಂಕಾರಕ್ಕೆ ತರಬಹುದೇ?
ಉತ್ತರ: ತರಬಾರದು. ಸಂರಕ್ಷಿತ ಜೀವಿಯ ಅಸ್ಥಿಗೂ ಕಾನೂನು ಅನ್ವಯಿಸುತ್ತದೆ. ಅದರ ಬದಲು ತೊಟ್ಟಿಗಾಗಿಯೇ ತಯಾರಿಸಿದ ಸೆರಾಮಿಕ್ ಕಲ್ಲನ್ನು ಬಳಸಬಹುದು.

ಪ್ರಶ್ನೆ: ನೀಲಿ ಬೆಳಕಿನಲ್ಲಿ ಹವಳ ಹೊಳೆಯುವುದು ಆರೋಗ್ಯದ ಲಕ್ಷಣವೇ?
ಉತ್ತರ: ಅಲ್ಲ. ಜೀವಿಯಲ್ಲಿರುವ ಕೆಲವು ಪ್ರೋಟೀನ್‌ಗಳು ನೀಲಿ ಬೆಳಕನ್ನು ಹೀರಿ ಹಸಿರು ಅಥವಾ ಕೆಂಪು ಬೆಳಕನ್ನು ಹೊರಸೂಸುವುದೇ ಹೊಳಪಿಗೆ ಕಾರಣ. ಅಂಗಡಿಯಲ್ಲಿ ನೋಡುವಾಗ ಬಿಳಿ ಬೆಳಕನ್ನು ಹಾಕಿಸಿ ಪರೀಕ್ಷಿಸಬೇಕು.

ಪ್ರಶ್ನೆ: ದೀಪ ಎಷ್ಟು ವರ್ಷ ಬಾಳುತ್ತದೆ?
ಉತ್ತರ: ತಯಾರಕರು ಸಾಮಾನ್ಯವಾಗಿ 50,000 ಗಂಟೆ ಎಂದು ನಮೂದಿಸುತ್ತಾರೆ. ಇದು ಬೆಳಕು ಮೂಲ ಪ್ರಮಾಣದ ಶೇ. 70ಕ್ಕೆ ಇಳಿಯುವವರೆಗಿನ ಅವಧಿ. ಕರಾವಳಿಯಲ್ಲಿ ಎಲ್‌ಇಡಿಗಿಂತ ಮೊದಲು ಫ್ಯಾನ್ ಮತ್ತು ಅಡಾಪ್ಟರ್ ಕೆಡುತ್ತವೆ. ಆದ್ದರಿಂದ ಬಿಡಿಭಾಗ ಮತ್ತು ದುರಸ್ತಿ ದೊರೆಯುವ ದೀಪವನ್ನೇ ಆರಿಸಬೇಕು.

11. ಸಾರಾಂಶ

ಕಲ್ಲುಹವಳವನ್ನು ಮನೆಗೆ ತರಬಾರದು. ಸಾಕಬಹುದಾದ ಜೀವಿಯನ್ನು ದಾಖಲೆಯೊಡನೆ ಆರಿಸಬೇಕು. ಆ ಜೀವಿಗೆ 50ರಿಂದ 150 ಪಾರ್ ನೀಡುವ, ನೀಲಿ ಪ್ರಧಾನವಾದ, ಮಟ್ಟವನ್ನು ತಗ್ಗಿಸಬಹುದಾದ, ನೀರಿನಿಂದ ರಕ್ಷಣೆಯುಳ್ಳ ದೀಪವನ್ನು ಕೊಳ್ಳಬೇಕು. ದೀಪಕ್ಕಿಂತ ಮೊದಲು ಆರ್‌ಸಿಸಿಬಿಯನ್ನು ಅಳವಡಿಸಬೇಕು. ಮುಂದೆ ಅಕ್ವೇರಿಯಂ ಬೇಡವೆನಿಸಿದಲ್ಲಿ ಅದರ ಜೀವಿಗಳನ್ನಾಗಲಿ ನೀರನ್ನಾಗಲಿ ಹೊಳೆ, ಅಳಿವೆ ಅಥವಾ ಕಡಲಿಗೆ ಬಿಡದೆ, ಸಾಕಣೆಯ ಅನುಭವವಿರುವ ಇನ್ನೊಬ್ಬರಿಗೆ ದಾಖಲೆಗಳೊಡನೆ ಒಪ್ಪಿಸಬೇಕು. ಸಾರ್ವಜನಿಕರು ಇದರ ಸದುಪಯೋಗವನ್ನು ಪಡೆದುಕೊಳ್ಳುವಂತೆ ಕೋರಲಾಗಿದೆ.